ಒಂದು ಹಲಗೆ, ಎರಡು ಕಾಲು

ನನಗೆ ಅಕ್ಷರ ಅಷ್ಟಾಗಿ ಬರುವುದಿಲ್ಲ, ಬೀಳುವುದು ಚೆನ್ನಾಗಿ ಬರುತ್ತದೆ. ಮೈಸೂರಿನಲ್ಲಿ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಬೀಳುವ ವಿದ್ಯೆ ಕಲಿತದ್ದು ಡೆಟ್ರಾಯಿಟ್‌ನ ಉತ್ತರಕ್ಕೆ, ರಾಚೆಸ್ಟರ್ ಹತ್ತಿರದ ಒಂದು ಹಿಮದ ದಿಬ್ಬದ ಮೇಲೆ, ನಲವತ್ತು ತುಂಬಲು ಎರಡು ತಿಂಗಳಿರುವಾಗ. ಈಗಿನ ಹುಡುಗರು ಸ್ನೋಬೋರ್ಡು ಎಂದು ಬಗಲಲ್ಲಿ ಇಟ್ಟುಕೊಂಡು ತಿರುಗುತ್ತಾರಲ್ಲ, ಆಗ ಆ ಹೆಸರನ್ನು ನಾನಂತೂ ಕೇಳಿರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಬೀಳಲು ಅಡ್ಡಿಯಾಗಲಿಲ್ಲ.

ಮೋಜಿಗೆ ಹೋದವಳಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಕಾರಿನ ಬಿಡಿಭಾಗ ಮಾಡುವ ಕಡೆ ಇಂಜಿನಿಯರ್. ಡಿಸೆಂಬರಿನ ಒಂದು ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಮಂಜು ಕೆರೆಯಲು ಹೋದವರು ಮನೆ ಮುಂದಿನ ಡ್ರೈವ್‌ವೇಯಲ್ಲಿ ಜಾರಿದರು. ತಲೆಗೆ ಏಟು. ನಾಲ್ಕನೇ ದಿನ ಹೋಗಿಬಿಟ್ಟರು. ಒಂಬತ್ತು ವರ್ಷದ ಮಗಳು ವಿಜಿ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಅಪ್ಪ ಬಿದ್ದದ್ದನ್ನೂ ನೋಡಿದಳು, ಇಬ್ಬರು ಗಂಡಸರು ಬಂದು ಎತ್ತಿಕೊಂಡು ಹೋದದ್ದನ್ನೂ ನೋಡಿದಳು. ಆಮೇಲೆ ಹಿಮದ ಮೇಲೆ ಕಾಲಿಡಲಿಲ್ಲ. ಕಾರಿನವರೆಗೆ ನಾನು ಎತ್ತಿಕೊಂಡು ಹೋದರೂ ಸ್ಕೂಲಿನ ಮುಂದೆ ಕಾರಿನಿಂದ ಇಳಿಯಳು; ಬಾಗಿಲು ಹಿಡಿದುಕೊಂಡು ಕಿರುಚುವಳು. ಆರು ವಾರ ಸ್ಕೂಲು ತಪ್ಪಿತು. ಹೀಗೇ ಆದರೆ ಮಗುವನ್ನು ಬೇರೆ ಕಡೆ ಇರಿಸಬೇಕಾದೀತು ಎಂದು ಸ್ಕೂಲಿನವರು ಕರೆಸಿ ಹೇಳಿದರು. ಬೇರೆ ಕಡೆ ಎಂದರೆ ಎಲ್ಲಿ ಎಂದು ಕೇಳುವಷ್ಟು ಇಂಗ್ಲಿಷ್ ನನಗಿತ್ತು, ಉತ್ತರ ತಿಳಿಯುವಷ್ಟು ಇರಲಿಲ್ಲ.

ಎದುರು ಮನೆಯಲ್ಲಿ ಡಾಕ್ಟರ್ ಸಾವಿತ್ರಿ ಇದ್ದರು, ಧಾರವಾಡದವರು. ಅವರೇ ಹೇಳಿದ್ದು:

"ಅಕ್ಕಾರ, ಬಿದ್ರ ಸಾಯ್ತಾರ ಅಂತ ತಿಳಕೊಂಡಾಳ ಹುಡುಗಿ. ನೀವು ಅಕಿ ಮುಂದ ಬೀಳ್ರಿ. ಬಿದ್ದು, ಎದ್ದು ತೋರಸ್ರಿ."

"ಎಲ್ಲಿ ಬೀಳ್ಲಿ ಡಾಕ್ಟ್ರೇ, ಬಚ್ಚಲಲ್ಲಾ?"

"ಸ್ಕೀ ಮಾಡೋ ಗುಡ್ಡಕ್ಕ ಹೋಗೋಣ ನಡೀರಿ. ಅಲ್ಲೆ ಎಲ್ಲಾರೂ ಬೀಳ್ಲಿಕ್ಕೇ ಬರ್ತಾರ."

ಗುಡ್ಡ ಎಂದರೆ ಚಾಮುಂಡಿ ಬೆಟ್ಟ ಹತ್ತಿದವರಿಗೆ ನಗು ಬರಬೇಕು, ಅಷ್ಟೇ ಎತ್ತರ. ಶನಿವಾರ ಬೆಳಿಗ್ಗೆ ವಿಜಿಯನ್ನು ಕಂಬಳಿಯಲ್ಲಿ ಸುತ್ತಿ ಡಾಕ್ಟರ ಕಾರಿನಲ್ಲಿ ಕೂರಿಸಿ, ದಿಬ್ಬ ಕಾಣುವಂತೆ ಕಾರನ್ನು ಕೆಳಗೆ ನಿಲ್ಲಿಸಿದೆವು. ನಾನು ಯಜಮಾನರ ಪ್ಯಾಂಟು ಹಾಕಿ, ಸೊಂಟಕ್ಕೆ ಹಳೇ ಸೀರೆಯ ಅಂಚು ಹರಿದು ಕಟ್ಟಿಕೊಂಡಿದ್ದೆ.

ಸ್ಕೀ ಎಂಬುದು ಜಗಳಗಂಟಿ ವಸ್ತು. ಒಂದೊಂದು ಕಾಲಿಗೆ ಒಂದೊಂದು ಉದ್ದ ಪಟ್ಟಿ, ಒಂದೊಂದಕ್ಕೆ ಅದರದೇ ಹಟ. ಬಲಗಾಲು ಡೆಟ್ರಾಯಿಟ್ ಕಡೆ ಹೊರಟರೆ ಎಡಗಾಲು ಶಿಕಾಗೋ ಕಡೆ. ನಡುವೆ ನಾನು ಸೀಳಿಹೋಗಬೇಕು. ಬೀಳುವುದೇನೋ ಸಲೀಸಾಗಿ ಬಿದ್ದೆ, ಆದರೆ ಏಳಲು ಆಗಲಿಲ್ಲ. ಪಟ್ಟಿಗಳು ಒಂದರ ಮೇಲೊಂದು ಹೆಣೆದುಕೊಂಡು, ಮೊಣಕಾಲು ತಿರುಚಿಕೊಂಡು, ಮಗುಚಿದ ಜಿರಲೆಯಂತೆ ಒದ್ದಾಡಿದೆ. ಕಡೆಗೆ ಇಬ್ಬರು ಗಂಡಸರು ಬಂದು ಎತ್ತಿದರು. ಇಬ್ಬರೇ, ಅಂದಿನ ಹಾಗೆಯೇ. ಕಾರಿನೊಳಗಿಂದ ವಿಜಿ ಕೂಗಿಕೊಂಡದ್ದು ದಿಬ್ಬದ ತುದಿಗೆ ಕೇಳಿಸಿತು. ಆ ವಾರ ಅವಳು ಅಡುಗೆಮನೆಯ ಒದ್ದೆ ನೆಲವನ್ನೂ ತುಳಿಯಲಿಲ್ಲ. ಇದ್ದದ್ದನ್ನೂ ಕೆಡಿಸಿಬಿಟ್ಟೆ ಎಂದುಕೊಂಡೆ.

ಆದರೂ ಮುಂದಿನ ಶನಿವಾರ ವಿಜಿಯನ್ನು ಡಾಕ್ಟರ ಕಾರಿನಲ್ಲಿ ಕೂರಿಸಿಕೊಂಡು ಮತ್ತೆ ಹೋದೆ. ಅರ್ಧಕ್ಕೆ ಬಿಟ್ಟರೆ ಅವಳು ಅದನ್ನೇ ಕೊನೆ ಎಂದು ತಿಳಿಯುತ್ತಾಳೆ. ಎರಡು ಸಲ ಬಿದ್ದು, ಎರಡು ಸಲವೂ ಯಾರನ್ನೋ ಹಿಡಿದು ಎದ್ದು, ಕಾಫಿ ಕುಡಿಯಲು ಒಳಗೆ ಹೋದೆ. ಬಾಗಿಲಲ್ಲಿ ಬಾಡಿಗೆಯ ಸ್ಕೀ ಬೂಟುಗಳನ್ನು ಬಿಚ್ಚಿ ಜೋಡಿಯಾಗಿ ಹೊರಗಿಟ್ಟೆ. ಜನ ಕೂತು ತಿನ್ನುವ ಜಾಗಕ್ಕೆ ಚಪ್ಪಲಿ ಕಾಲಲ್ಲಿ ಹೋದವಳಲ್ಲ ನಾನು, ಕಾಲೇ ಮುಂದಾಗಿ ಬಿಚ್ಚಿಸಿತು. ಅರ್ಧ ಗಂಟೆ ಬಿಟ್ಟು ಬಂದರೆ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಗೆ ಬೂಟಿನ ಒದ್ದೆ ಚರ್ಮ ಹೆಪ್ಪುಗಟ್ಟಿ ಕಲ್ಲಾಗಿತ್ತು. ಬೆರಳೂ ಒಳಗೆ ಹೋಗದು. ಸ್ಕೀ ಬಾಡಿಗೆಗೆ ಕೊಡುವ ಮುದುಕ ಹೊಟ್ಟೆ ಹಿಡಿದು ನಕ್ಕ.

"ಲೇಡಿ, ಹೂ ಟೇಕ್ಸ್ ಆಫ್ ದೆಯರ್ ಬೂಟ್ಸ್ ಔಟ್‌ಸೈಡ್?"

"ಹೋಲ್ ಮೈಸೂರ್," ಎಂದೆ.

ನನ್ನ ಅಳತೆಯ ಬೇರೆ ಬೂಟು ಅವನಲ್ಲಿರಲಿಲ್ಲ. ಮೂಲೆಯಲ್ಲಿ ಒರಗಿಸಿದ್ದ ಹಳದಿ ಹಲಗೆಯೊಂದನ್ನು ಕೊಟ್ಟ. ಮಕ್ಕಳ ಆಟದ್ದಂತೆ. ಒಂದೇ ಹಲಗೆ, ಮೂತಿಗೆ ಒಂದು ಹಗ್ಗ. ಅದಕ್ಕೆ ಬೂಟೂ ಬೇಡ, ಕಟ್ಟುವುದೂ ಇಲ್ಲ. ನಾನು ಬರುವಾಗ ಹಾಕಿಕೊಂಡು ಬಂದ ರಬ್ಬರ್ ಶೂನಲ್ಲೇ ಅಡ್ಡಡ್ಡ ನಿಂತು, ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ ಹಗ್ಗ ಹಿಡಿಯಬೇಕು.

ಸುಲಭವೆಂದು ಹೇಳಲಾರೆ. ಸ್ಕೀ ನನ್ನನ್ನು ಪಕ್ಕಕ್ಕೆ ಕೆಡವುತ್ತಿತ್ತು, ಇದು ಬೆನ್ನ ಬುಡದ ಮೇಲೇ ಕೆಡವಿತು. ಹತ್ತು ಅಡಿ ಸರಿಯಾಗಿ ಜಾರಿದ್ದು ನೆನಪಿಲ್ಲ. ನಮ್ಮ ಕಡೆ ಹೆಂಗಸರಿಗೆ ಬೀಳದಂತೆ ನಡೆಯುವುದನ್ನು ಮಾತ್ರ ಕಲಿಸುತ್ತಾರೆ. ಪಾಚಿ ಹಿಡಿದ ಕಲ್ಲಿನ ಮೇಲೆ ಕೊಡ ಹೊತ್ತು ನಡೆದವಳು ನಾನು, ಬೀಳುವ ಅಭ್ಯಾಸವೇ ಇರಲಿಲ್ಲ. ಆದರೆ ಈ ಹಲಗೆಯಲ್ಲಿ ಒಂದು ಗುಣವಿತ್ತು: ಬಿದ್ದ ತಕ್ಷಣ ಅದು ನನ್ನನ್ನು ಬಿಟ್ಟುಬಿಡುತ್ತಿತ್ತು. ನಾನು ಒಬ್ಬಳೇ ಎದ್ದೆ, ಮತ್ತೆ ಬಿದ್ದೆ, ಮತ್ತೆ ಒಬ್ಬಳೇ ಎದ್ದೆ. ಹದಿನೇಳರವರೆಗೆ ಎಣಿಸಿ ಬಿಟ್ಟೆ. ಕಾರಿನ ಗಾಜಿನ ಆವಿಯನ್ನು ವಿಜಿ ಒಂದು ಅಂಗೈಯಗಲ ಒರೆಸಿಕೊಂಡಿದ್ದಳು.

ಆಮೇಲೆ ನಿಜವಾಗಿಯೂ ಬಿದ್ದೆ. ಉಸಿರು ಕಟ್ಟಿತು. ಹಲಗೆ ಕೈಬಿಟ್ಟು ಜಾರಿಕೊಂಡು ಹೋಗಿ ಕಾರಿನ ಹತ್ತಿರ ನಿಂತಿತು. ಡಾಕ್ಟರು ಕಾಫಿಗೆಂದು ಒಳಗೆ ಹೋಗಿದ್ದರು. ಕಾರಿನ ಗಾಜು ಇಳಿಯಿತು.

"ಅಮ್ಮಾ! ಗೆಟ್ ಅಪ್!"

"ಆಗಲ್ಲ. ಹಲಗೆ ತಂದ್ಕೊಡು, ಊರಿಕೊಂಡು ಏಳ್ತೀನಿ."

"ಐ ಕಾಂಟ್!"

"ಹಾಗಾದ್ರೆ ಕೂತಿರು. ನಾನೂ ಇಲ್ಲೇ ಕೂತಿರ್ತೀನಿ."

ಮಗುವಿನ ಹತ್ತಿರ ಹಾಗೆ ಮಾತಾಡಬಾರದಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಅವರು ಅಲ್ಲಿರಲಿಲ್ಲ. ಚಳಿ ಪ್ಯಾಂಟಿನೊಳಗೆ ಇಳಿಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಕಾರಿನ ಬಾಗಿಲು ತೆರೆಯಿತು. ನನ್ನ ಮಗಳು ನಡೆದು ಬರಲಿಲ್ಲ. ಕೈ ಮತ್ತು ಮೊಣಕಾಲೂರಿ, ಹಲಗೆಯನ್ನು ಮುಂದಕ್ಕೆ ತಳ್ಳುತ್ತ, ಅಳುತ್ತ, ನನ್ನನ್ನು ಇಂಗ್ಲಿಷಿನಲ್ಲಿ ಬೈಯುತ್ತ ಅಂಬೆಗಾಲಿಟ್ಟು ಬಂದಳು. ನಾನು ಹಲಗೆ ಊರಿಕೊಂಡು ಎದ್ದೆ. ಅವಳನ್ನು ಎತ್ತಿಕೊಳ್ಳಲಿಲ್ಲ, ನನ್ನ ಸೊಂಟಕ್ಕೂ ಶಕ್ತಿಯಿರಲಿಲ್ಲ.

ಭಯ ಹೋಯಿತೇ ಎಂದು ಕೇಳಬೇಡಿ. ಭಯ ಯಾರಿಗೂ ಹೋಗುವುದಿಲ್ಲ, ಅದರ ಜೊತೆ ಬಸ್ಸು ಹತ್ತಬೇಕು ಅಷ್ಟೆ. ಸೋಮವಾರ ವಿಜಿ ಸ್ಕೂಲ್ ಬಸ್ಸಿಗೆ ಹೊರಟಳು. ಬೀದಿ ತುದಿಗೆ ಎರಡು ನಿಮಿಷದ ದಾರಿ, ಅವಳಿಗೆ ಹತ್ತು ನಿಮಿಷ ಹಿಡಿಯಿತು. ಡ್ರೈವ್‌ವೇ ಮುಗಿಯುವಲ್ಲಿ ಧೊಪ್ಪೆಂದು ಬಿದ್ದಳು. ಕಿಟಕಿಯಲ್ಲಿ ನಿಂತಿದ್ದ ನಾನು ಓಡಲಿಲ್ಲ, ಚೌಕಟ್ಟನ್ನು ಹಿಡಿದುಕೊಂಡೆ. ಅವಳು ಎದ್ದಳು. ಕೋಟು ಕೊಡವಿ, ಕಿಟಕಿಯತ್ತ ತಿರುಗಿ ಬೀದಿಗೆಲ್ಲ ಕೇಳುವಂತೆ ಅರಚಿದಳು:

"ಏನ್ ನೋಡ್ತಿದೀಯ? ಗೋ ಇನ್‌ಸೈಡ್!"

ಆ ಚಳಿಗಾಲವಿಡೀ ನನಗೆ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ. ಒಳಗೆ ಹೋದೆ.