ಕೊಲೆಗಾರ ಸಿಗದ ಪುಸ್ತಕ

ತಾತನ ಎಡಗಣ್ಣಿನ ಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧದ ಜಾಗದಲ್ಲಿ ನುಣ್ಣನೆಯ ಗಾಯದ ಗುರುತು. ದೆವ್ವ ಹೊಡೆದದ್ದು ಎಂದು ಕೊಟ್ಟೂರಿನ ಓದುಗರು ನಂಬಿದ್ದರು. ಚಿಗಟೇರಿ ದಾರಿಯಲ್ಲಿ ಸೈಕಲ್ಲಿನಿಂದ ಬಿದ್ದದ್ದು ಎಂದು ತಾತ ನನಗೊಬ್ಬಳಿಗೇ ಹೇಳಿದ್ದರು. ಯಾವುದು ನಿಜವೋ, ಕಥೆ ಕಟ್ಟುವವರ ಮಾತು.

ಅವರು ನನಗೆ ಬಂಧುವಲ್ಲ, ಪಕ್ಕದ ಮನೆಯವರು. ಕೊಲೆಯ, ದೆವ್ವದ ಕಾದಂಬರಿಗಳನ್ನು ಬರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಹರಪನಹಳ್ಳಿ ಬಸ್ಸು ಹತ್ತುವವರ ಕೈಯಲ್ಲಿ ಅವರದೊಂದು ಪುಸ್ತಕ ಇದ್ದೇ ಇರುತ್ತಿತ್ತು. ನಾನು ಜಗುಲಿಯ ಮೇಲೆ ಮಷೀನು ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೆ. ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಾದ ಮೇಲೆ ತಾತ ಬಂದು ನನಗೆ ಓದಿ ಹೇಳಿ, “ಯಾರ ಮ್ಯಾಲೆ ಅನುಮಾನ ಐತಿ, ಹೇಳವ್ವ” ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ನಾನು ಹೇಳದೆ ಬಿಟ್ಟವನೇ ಕೊಲೆಗಾರನಾಗುತ್ತಿದ್ದ! ಅಲ್ಲಿಯವರೆಗೆ ಕೊಲೆಗಾರ ಯಾರೆಂದು ಅವರಿಗೂ ಗೊತ್ತಿರುತ್ತಿರಲಿಲ್ಲ.

“ನೀ ಬಿಟ್ಟೋನ್ನ ಎಲ್ಲಾರೂ ಬಿಡ್ತಾರ, ದಡ್ಡಿ” ಎಂದು ನಗುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು.

ಎರಡು ಸಾವಿರದ ಇಸವಿಯ ಈಚೆಗೆ ತಾತ ಹಾಸಿಗೆ ಹಿಡಿದರು. ಹೊಸ ಕಾದಂಬರಿಯ ಹಾಳೆಗಳನ್ನು ನಾನೇ ಮಂಚದ ಪಕ್ಕ ಕೂತು ಓದಿದೆ. ಈ ಸಲ ಸೋಲಲೇಬಾರದೆಂದು ಅದರಲ್ಲಿ ಬರುವ ಗೌಡ, ಅವನ ಹೆಂಡತಿ, ಡಾಕ್ಟರು, ಪೂಜಾರಿ, ಕೊನೆಗೆ ಹಾಲು ಹಾಕುವವನನ್ನೂ ಹೇಳಿಬಿಟ್ಟೆ.

“ಎಲ್ಲಾರ ಮ್ಯಾಲೂ ಅನುಮಾನ ಐತ್ರಿ ತಾತ.”

ಅವರು ಅರ್ಧ ಹುಬ್ಬು ಕೆರೆದುಕೊಂಡರು. “ಇನ್ನೊಮ್ಮಿ ನೆನಪು ಮಾಡ್ಕೋ. ಯಾರರ ಉಳದಾರೇನು?”

“ಯಾರೂ ಇಲ್ರಿ.”

“ಜಾಣಿ ಆದಿ ಬಿಡು” ಎಂದವರೇ ಗೋಡೆ ಕಡೆ ಹೊರಳಿದರು. ಎಂಟು ದಿನಕ್ಕೆ ತೀರಿಕೊಂಡರು. ಕೊನೆಯ ಅಧ್ಯಾಯದ ಹಾಳೆಗಳು ಖಾಲಿಯೇ ಇದ್ದವು. ನನ್ನ ಜಾಣತನದಿಂದಲೇ ಅವರ ಪುಸ್ತಕ ನಿಂತುಹೋಯಿತು ಎಂದು ಬಹಳ ಅತ್ತೆ.

ವರ್ಷದ ಮೇಲೆ ಅವರ ಮಗಳು ಆ ಹಾಳೆಗಳ ಕಟ್ಟನ್ನು ನನಗೇ ತಂದುಕೊಟ್ಟಳು. ಮೊದಲಿನಿಂದ ಓದಿದೆ. ಕೊಲೆಯಾದ ಮನೆಯ ಎದುರು ಜಗುಲಿಯಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬಳಿದ್ದಾಳೆ. ಅವಳು ನಾನೇ ಎಂದು ಮೊದಲ ಸಲ ಓದುವಾಗಲೇ ಗೊತ್ತಾಗಿ, ನಕ್ಕು ಮುಂದಿನ ಪುಟಕ್ಕೆ ಹೋಗಿದ್ದೆ. ಅನುಮಾನದ ಪಟ್ಟಿಯಲ್ಲಿ ಅವಳನ್ನು ಹೇಳಿರಲೇ ಇಲ್ಲ.

ತಾತನ ಪದ್ಧತಿಯಂತೆ ಕೊಲೆ ಮಾಡಿದವಳು ಅವಳೇ ಆಗಬೇಕು. ಅದು ಅವರಿಗೆ ಹೊಳೆಯಲಿಲ್ಲವೇ? ಹೊಳೆದೂ ನನ್ನ ಕೈಗೆ ರಕ್ತ ಹಚ್ಚಲು ಮನಸ್ಸು ಬರಲಿಲ್ಲವೇ? ಅಥವಾ ಬರೆಯಲು ಕೈಯಲ್ಲಿ ಶಕ್ತಿಯೇ ಇರಲಿಲ್ಲವೋ? ಒಂದೂ ತಿಳಿಯುತ್ತಿಲ್ಲ. ಖಾಲಿ ಹಾಳೆಗಳನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ದಡ್ಡಿ ಎನ್ನುವುದಕ್ಕಾದರೂ ತಾತ ಇರಬೇಕಿತ್ತು.