ದಾದಿಯ ಪರ ನಿಂತ ಕಂಡಕ್ಟರ್ ಅಂಕಲ್

ನಿಂತ ನೆಲದ ಮೇಲೂ ಅವರು ಓಡುವ ಬಸ್ಸಿನಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದರು. ಕಾಲು ಅಗಲ, ಮಂಡಿ ಚೂರು ಬಗ್ಗಿಸಿ, ಯಾವುದನ್ನೂ ಹಿಡಿಯದೆ. ತಿಲಕ್ ನಗರದ ನಮ್ಮ ಕಟ್ಟಡದ ಗೇಟಿನ ಬಳಿ ಅವರನ್ನು ಮೊದಲು ನೋಡಿದಾಗ, ಈಗ ಭೂಮಿಗೆ ಬ್ರೇಕ್ ಬಿದ್ದರೂ ಇವರು ಬೀಳುವುದಿಲ್ಲ ಅನ್ನಿಸಿತ್ತು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಆಮೇಲೆ ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತಿಂದುಹಾಕಿತ್ತು. ಕೆಳಮನೆಯಲ್ಲಿ ತಂಗಿಯ ಜೊತೆ ಇದ್ದರು. ನಾನು ಕಂಡಕ್ಟರ್ ಅಂಕಲ್ ಎನ್ನುತ್ತಿದ್ದೆ.

ನಾನು ಗದಗಿನಿಂದ ಬಂದು ಮೇಲಿನ ಒಂಟಿ ಕೋಣೆ ಹಿಡಿದಿದ್ದೆ. ಬಿಟಿಎಂನ ಒಂದು ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿಗೆ ಅರ್ಜಿಗಳನ್ನು ತುಂಬುವ ಕೆಲಸ. ಶುಕ್ರವಾರ ಸಂಜೆ ಸೆಕ್ಯುರಿಟಿಯವರಿಗೆ "ಬರ್ತೀನ್ರಿ" ಅಂದರೆ ಸೋಮವಾರದವರೆಗೆ ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಜೊತೆಗಿದ್ದದ್ದು ಫೋನಿನಲ್ಲಿ ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದ ಒಂದು ಮಾಯಾಲೋಕದ ಧಾರಾವಾಹಿ. ರೆಕ್ಕೆಯ ಮೃಗಗಳು, ಮಂಜಿನ ಕೋಟೆ, ತಾಯಿಯಿಲ್ಲದ ರಾಜಕುಮಾರ, ಅವನನ್ನು ಸಾಕಿದ ದಾದಿ.

ಒಂದು ಭಾನುವಾರ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಕೆಳಗಿನಿಂದ ದನಿ ಬಂತು.

"ಯಾರಮ್ಮ ಅದು? ಸೌಂಡ್ ಸ್ವಲ್ಪ ಜಾಸ್ತಿ ಮಾಡು. ಮೂರು ವಾರದಿಂದ ಅರ್ಧಂಬರ್ಧ ಕೇಳ್ತಾ ಇದೀನಿ."

ಅಂದಿನಿಂದ ಭಾನುವಾರಗಳು ಅವರ ನಡುಮನೆಯಲ್ಲಿ. ತಂಗಿ ಒಗ್ಗರಣೆ ಅವಲಕ್ಕಿ ಕೊಟ್ಟು ಒಳಗೆ ಹೋಗುತ್ತಿದ್ದರು. ಅಂಕಲ್ ಕೇಳುವುದು, ನಾನು ಕಂಡದ್ದನ್ನು ಹೇಳುವುದು. ನಡುವೆ ನಾನು "ಪಾಪ" ಅಂದರೆ ಸಾಕು, ಗದರುತ್ತಿದ್ದರು: "ಪಾಪ ಪುಣ್ಯ ಆಮೇಲೆ. ಮೊದ್ಲು ಏನಾಯ್ತು ಹೇಳು."

ಮೊದಲ ಸೀಸನ್ನಿನ ಕೊನೆಗೆ ಕತ್ತಲ ಓಣಿಯಲ್ಲಿ ಯಾರೋ ಮುದಿ ಮಂತ್ರಿಯನ್ನು ಕೊಂದರು. ಮುಖ ತೋರಿಸಲಿಲ್ಲ. ಆ ಧಾರಾವಾಹಿಯ ಅಭಿಮಾನಿಗಳದೊಂದು ಗುಂಪು ಫೋನಿನಲ್ಲಿತ್ತು. ಅಲ್ಲಿ ಎಲ್ಲರೂ ಸೇನಾಪತಿಯೇ ಕೊಲೆಗಾರ ಎಂದರು. ನನಗೂ ಹಾಗೆಯೇ ಅನಿಸಿತ್ತು.

"ದಾದಿ," ಅಂದರು ಅಂಕಲ್.

"ಹೋಗ್ರಿ ಅಂಕಲ್! ಆಕಿ ಯಾಕ್ ಕೊಲ್ತಾಳ್ರಿ?"

"ಅವಳು ಬಲಗಾಲು ಎಳೆದು ನಡೀತಾಳೆ. ಆ ಕತ್ತಲೇಲೂ ಎಳೆದ್ಳು. ಹಿಂದಿನ ಬಾಗಿಲಲ್ಲಿ ಯಾರು ಹತ್ತಿದ್ರು ಅಂತ ತಿರುಗದೇನೇ ಹೇಳ್ತಿದ್ದೆ ಕಣಮ್ಮ ನಾನು."

ಮುಂದಿನ ವರ್ಷ ಎರಡನೇ ಸೀಸನ್ ಬಂತು. ಕೊಂದವಳು ದಾದಿಯೇ! ಗುಂಪಿನಲ್ಲಿ ರಣರಂಗ. ಕಥೆ ಬರೆದವನು ಮೋಸ ಮಾಡಿದ ಎಂದು ಒಬ್ಬರಾದ ಮೇಲೆ ಒಬ್ಬರು. ಅಲ್ಲಿವರೆಗೆ ಬರೀ ಓದುತ್ತಿದ್ದ ನಾನು ಅಂದು ಮೊದಲ ಸಲ ಬರೆದೆ. ನಮ್ಮ ಕೆಳಮನೆಯ ಅಂಕಲ್‌ಗೆ ಕಣ್ಣು ಕಾಣುವುದಿಲ್ಲ, ಅವರು ಇದನ್ನು ಆಗಲೇ ಹೇಳಿದ್ದರು ಎಂದು. ಜೊತೆಗೆ ಅವರ ಮಾತು: "ಸುಳಿವೇ ಕೊಡದೆ ತಿರುಗಿಸಿದ್ರೆ ಮೋಸ. ಇವನು ಕೊಟ್ಟಿದಾನೆ. ನೀವು ನೋಡ್ತಾ ಕೂತ್ರಿ, ಕೇಳಿಸ್ಕೊಳ್ಳಲಿಲ್ಲ."

ಆಮೇಲೆ ಗುಂಪಿಗೆ ಅಂಕಲ್ ಬೇಕೇ ಬೇಕು. ನಾನು ಓದುತ್ತಿದ್ದೆ, ಅವರು ಉತ್ತರ ಹೇಳಿ ಬರೆಸುತ್ತಿದ್ದರು. ಒಮ್ಮೆ ಒಂದು ಸಾಲನ್ನು ಬಿಟ್ಟು ಮುಂದೆ ಹೋದೆ.

"ಏನೋ ನುಂಗಿದ್ಯಲ್ಲ. ಓದು."

"ಬ್ಯಾಡ್ರಿ ಅಂಕಲ್."

"ಓದಮ್ಮ."

ಓದಿದೆ. 'ಕುರುಡನಿಗೆ ಟಿವಿ ಕಥೆ ಯಾಕೆ?'

ಅವರು ಲುಂಗಿಯ ಅಂಚನ್ನು ಒಮ್ಮೆ ಸವರಿದರು. "ಬರಿ. ಹೌದು ಸಾರ್, ಕಾಣಲ್ಲ. ಅದಕ್ಕೇ ಕಥೆ ಬೇಕು." ಆಮೇಲೆ, "ಇವತ್ತು ಸಾಕು," ಅಂದರು. ಅರ್ಧಕ್ಕೆ ನಿಲ್ಲಿಸಿದ್ದು ಅದೊಂದೇ ದಿನ. ಅವರ ಕಣ್ಣಿನ ವಿಷಯವನ್ನು ಊರಿಗೆಲ್ಲ ಹೇಳಿದವಳು ನಾನೇ ಎಂದು ಆ ವಾರವಿಡೀ ಕೊರೆಯಿತು.

ಮುಂದಿನ ಭಾನುವಾರ ಅವರಾಗಿಯೇ ವಾದಕ್ಕೆ ಎಳೆದರು. ನನಗಿನ್ನೂ ಸಮಾಧಾನವಿರಲಿಲ್ಲ. ಮಂತ್ರಿ ಮಾಡಿದ್ದಾದರೂ ಏನು, ರಾಜಕುಮಾರನನ್ನು ಓದಲು ಬೇರೆ ರಾಜ್ಯಕ್ಕೆ ಕಳಿಸಲು ಹೊರಟಿದ್ದ. ಅಷ್ಟಕ್ಕೆ ಕೊಲೆಯೇ?

"ಆ ಕೋಟೇಲಿ ಅವಳ ಹತ್ರ ಆ ಹುಡುಗನ್ನ ಬಿಟ್ರೆ ಮಾತಾಡೋರು ಯಾರಿದ್ರು ಹೇಳು?" ಅಂದರು. "ಮಾಡಿದ್ದು ಸರಿ ಅಂತಿಲ್ಲ ನಾನು. ಅವನನ್ನೂ ಕಳಿಸಿಬಿಟ್ರೆ ಅವಳಿಗೆ ಏನ್ ಉಳೀತು?"

"ಶುಕ್ರವಾರದಿಂದ ನಾ ಯಾರ ಜೋಡಿನೂ ಮಾತಾಡಿಲ್ರಿ ಅಂಕಲ್," ಅಂದುಬಿಟ್ಟೆ.

ಅವರು ಸಮಾಧಾನ ಹೇಳಲಿಲ್ಲ. "ನಾನೂ ಅಷ್ಟೇ. ತಂಗಿ ಮಾತು ಕಮ್ಮಿ. ಭಾನುವಾರಕ್ಕೆ ಯಾಕೆ ಕಾಯ್ತೀಯ, ದಿನಾ ಬಾ."

ದಿನಾ ಹೋದೆ. ಎರಡನೇ ಸೀಸನ್ ಮುಗಿದ ಮೇಲೂ ಹೋದೆ. ಒಂದು ಬುಧವಾರ ಆಫೀಸಿನಿಂದ ಬಂದಾಗ ಅವರ ಬಾಗಿಲ ಮುಂದೆ ರಾಶಿ ಚಪ್ಪಲಿಗಳಿದ್ದವು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಕೊನೆಯ ಸೀಸನ್ ನಾಲ್ಕು ತಿಂಗಳಾದ ಮೇಲೆ ಬಂತು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿದೆ. ಗುಂಪಿನಲ್ಲಿ ಮತ್ತೆ ಗಲಾಟೆ. ಯಾರೋ ಕೇಳಿದ್ದರು: 'ಅಂಕಲ್ ಏನಂತಾರೆ?' ಫೋನು ಮಗುಚಿಟ್ಟು ಕೆಳಗಿಳಿದೆ.

ಅವರ ತಂಗಿ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಆ ಹಿಡಿ ಮುಗಿಯುವಷ್ಟರಲ್ಲಿ ಅವರು ತಲೆಯೆತ್ತದೆ ಕೇಳಿದರು: "ಆ ದಾದಿ ಏನಾದ್ಳು?"

ಅಷ್ಟು ಭಾನುವಾರವೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಾರೆ!

"ಗಡೀಪಾರು ಮಾಡಿದ್ರು ಆಂಟಿ. ರಾಜಕುಮಾರನ ಬಾಯಿಲೇನ ಹೇಳಿಸಿದ್ರು."

ಅವರ ಕೈ ನಿಂತಿತು. "ಅಯ್ಯೋ, ಅದಕ್ಕಿಂತ ಗಲ್ಲಿಗೆ ಹಾಕಿದ್ರೇ ವಾಸಿಯಾಗಿತ್ತು. ಅಣ್ಣ ಇದ್ದಿದ್ರೆ ಸುಮ್ನೆ ಬಿಡ್ತಿರಲಿಲ್ಲ. ಏನೇನಾಯ್ತು, ಎಲ್ಲಾ ಹೇಳು."

ಹೇಳಿದೆ. ನಡುವೆ ಎರಡು ಸಲ ನಮ್ಮಿಬ್ಬರಿಗೂ ವಾದವಾಯಿತು. ಈಗ ಆಫೀಸು ದೂರ, ಬೊಮ್ಮನಹಳ್ಳಿಯಿಂದ ಆಚೆ ಹೋಗಿದೆ. ಅಲ್ಲೇ ಎಲ್ಲಾದರೂ ರೂಮು ಮಾಡಿಕೋ ಎಂದು ಊರಿಂದ ಫೋನಿನಲ್ಲಿ ಹೇಳುತ್ತಲೇ ಇರುತ್ತಾರೆ. ಈ ಊರಿನಲ್ಲಿ ನನಗೆ ಮಾತಾಡಲು ಒಂದು ಮನೆ ಮಾಡಿಕೊಟ್ಟವರು ಅಂಕಲ್. ನಾನು ಬಿಟ್ಟು ಹೋಗಿಲ್ಲ.