ಅಕ್ಕ ಕಳಿಸದ ಮಾತು

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಯಾವ ಕ್ರೈಸ್ತರ ಮನೆಯಲ್ಲಿ ಬೇಕಾದರೂ ಕೇಳಿ ನೋಡಿ, ಉಪದೇಶಿ ಪಾಲಣ್ಣ ಗೊತ್ತಿಲ್ಲ ಅನ್ನುವವರು ಸಿಗಲ್ಲ! ಪಾದ್ರಿ ಅಲ್ಲ, ದೊಡ್ಡ ಓದೂ ಇಲ್ಲ. ಮುನಿಸಿಟ್ಟುಕೊಂಡು ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ ಮುಟ್ಟಬಾರದು ಅಂತ, ಆ ಭಾನುವಾರಕ್ಕೆ ಮುಂಚೆ ಮನೆಮನೆಗೆ ಹೋಗಿ, "ಯಾರ ಜೊತೆಗಾದ್ರೂ ಮಾತು ಬಿಟ್ಟೀರೇನು?" ಅಂತ ಕೇಳುತ್ತಿದ್ದ. ಬಿಟ್ಟಿದ್ದರೆ ಇವರ ಮಾತು ಅವರಿಗೆ ಮುಟ್ಟಿಸಿ, ಅವರ ಬೈಗುಳ ಅರ್ಧ ತಾನೇ ನುಂಗಿ, ರಾಜಿ ಮಾಡಿಸಿಯೇ ಬರುತ್ತಿದ್ದ. ಸೂಳೆಕೆರೆ ಮೀನಿನ ಪಾಲಿಗೆ ಹೊಡೆದಾಡಿದ ಅಣ್ಣತಮ್ಮಂದಿರನ್ನು ಒಂದೇ ತಟ್ಟೆಯಲ್ಲಿ ಉಣ್ಣಿಸಿದ ಪುಣ್ಯಾತ್ಮ!

ಈಗೀಗ ಕರೆಯುವವರೇ ಇಲ್ಲ. ಎಲ್ಲರ ಮೊಬೈಲಿನಲ್ಲೂ ಎಐ. ಕೇಳಿದ ಕೂಡಲೇ ವಾಕ್ಯ ಹೇಳುತ್ತೆ, ಪ್ರಾರ್ಥನೆನೂ ಮಾಡುತ್ತೆ, ಕಾಫಿ ಕೂಡ ಕೇಳಲ್ಲ.

ನ್ಯಾಮತಿಯ ಕರಿಯಕ್ಕನಿಗೆ ಲಕ್ವ ಹೊಡೆದ ಸುದ್ದಿ ಬಂದಾಗ ಪಾಲಣ್ಣ ಸಿಕ್ಕ ಬಸ್ಸು ಹತ್ತಿ ಓಡಿದ. ಡಾಕ್ಟರು ಆಗಲೇ ಕೈ ಚೆಲ್ಲಿದ್ದರು. ಕಣ್ಣು ಬಿಡುತ್ತಿದ್ದಳು, ನಾಲಿಗೆ ಏಳುತ್ತಿರಲಿಲ್ಲ.

"ತಿಪ್ಪಮ್ಮಂಗೆ ಹೇಳಿದ್ಯಾ?" ಅಂತ ಕರಿಯಕ್ಕನ ಮಗಳು ಸುನಿತಾಳನ್ನು ಕೇಳಿದ.

ತಿಪ್ಪಮ್ಮ ಕರಿಯಕ್ಕನ ತಂಗಿ, ಇರುವುದು ಜಗಳೂರಲ್ಲಿ. ಇಬ್ಬರ ಅವ್ವ ಸತ್ತಾಗ, ಹೊಸದಾಗಿ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತಳಾಗಿದ್ದ ಕರಿಯಕ್ಕ, ಹಿರಿಮಗಳಾಗಿದ್ದೂ ಎಡೆ ಇಡಲ್ಲ ಅಂದಿದ್ದಳು. ಅವತ್ತು ಮುರಿದ ಮಾತು ಮತ್ತೆ ಕೂಡಲಿಲ್ಲ.

"ಅವ್ವ ಅದ್ನೇ ಕೊರಗ್ತಿದ್ಲು ಅಣ್ಣ," ಅಂದಳು ಸುನಿತಾ. "ಚೆನ್ನಾಗಿದ್ದಾಗ ಮೊಬೈಲಿಗೆ ಹೇಳ್ಕೊಂಡು ಅತ್ಲು. ದೇವರು ಕ್ಷಮಿಸ್ಯಾನೆ, ಸಮಾಧಾನ ಮಾಡ್ಕೊಳ್ಳಿ ಅಂತು."

"ತಂಗಿ ಕೂಡ ಮಾತಾಡು ಅನ್ಲಿಲ್ವಾ?"

"ಅಂತು. ಅವ್ವಂಗೆ ಧೈರ್ಯ ಎಲ್ಲೈತೆ?"

"ನನ್ನ ಕರೀಬೇಕಿತ್ತಲ್ಲವ್ವ!"

"ಪಾಲಣ್ಣಂಗ್ಯಾಕೆ ಸುಮ್ನೆ ತೊಂದ್ರೆ, ಈಗ ಹಗುರಾಗೈತಲ್ಲ, ಅಂದ್ಲು ಅವ್ವ."

ಕರಿಯಕ್ಕನ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಉಸಿರಿರುವಾಗಲೇ ತಂಗಿ ಮುಖ ತೋರಿಸಬೇಕು ಅಂತ ಪಾಲಣ್ಣ ದಾವಣಗೆರೆ ಮೇಲಿಂದ ಜಗಳೂರಿಗೆ ಹೊರಟ.

ತಿಪ್ಪಮ್ಮ ಕಟ್ಟೆ ಮೇಲೆ ಮೊರದಲ್ಲಿ ಶೇಂಗಾ ಕೇರುತ್ತಿದ್ದಳು.

"ಬಾರಪ್ಪ ಉಪದೇಶಿ! ನನ್ನೂ ನೀರಾಗೆ ಮುಳುಗಿಸಾಕೆ ಬಂದ್ಯೇನು?"

"ಅಕ್ಕಂಗೆ ಭಾಳ ಸೀರಿಯಸ್ ಐತಮ್ಮ. ಬಂದ್ಬಿಡು."

ಮೊರ ನಿಂತಿತು. "ಅಕ್ಕನೇ ಕಳ್ಸಿದ್ಲಾ?"

ಹೂಂ ಅಂದುಬಿಟ್ಟಿದ್ದರೆ ಸಾಕಿತ್ತು, ಎದ್ದು ಬರುತ್ತಿದ್ದಳೋ ಏನೋ. ಪಾಲಣ್ಣನಿಗೆ ಬೈಗುಳ ನುಂಗಿ ರೂಢಿ ಇತ್ತು, ಇಲ್ಲದ ಮಾತು ಹುಟ್ಟಿಸಿ ರೂಢಿ ಇರಲಿಲ್ಲ.

"ಅವಳಿಗೀಗ ಮಾತು ಬರಲ್ಲಮ್ಮ. ಮುಂಚೆ ಮೊಬೈಲಿಗೆ ಹೇಳ್ಕೊಂಡು ಅತ್ತವ್ಳೆ."

"ಮೊಬೈಲಿಗಾ? ಅದೇನಂತು?"

"ದೇವರು ಕ್ಷಮಿಸ್ಯಾನೆ ಅಂತು."

"ಆಹಾ! ಎಡೆ ಇಲ್ದೆ ಹೋಗಿದ್ದು ನಮ್ಮವ್ವ. ಊರ ಮುಂದೆ ತಲೆ ತಗ್ಗಿಸಿದ್ದು ನಾನು. ನನ್ನ ಒಂದು ಮಾತು ಕೇಳ್ದೆ ಕ್ಷಮಿಸಾಕೆ ಅದ್ಯಾವ ದೊಡ್ಡ ಮನುಷ್ಯ?" ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಕ್ಷಮೆ ಸಿಕ್ಕೈತಲ್ಲ, ಇನ್ನು ನಾನ್ಯಾಕೆ ಬೇಕು? ಹೋಗಪ್ಪ."

ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಸುನಿತಾಳ ಫೋನು.

"ಚಿಕ್ಕಮ್ಮ ಹೊರಟ್ರಾ?"

"ಇಲ್ಲವ್ವ."

"ಹಂಗಾರೆ ನೀವೂ ಅವಸ್ರ ಮಾಡ್ಬೇಡ್ರಿ ಅಣ್ಣ. ಅವ್ವ ಹೋದ್ಲು."

ಪಾಲಣ್ಣ ಬಂದ ದಾರಿಯಲ್ಲೇ ತಿಪ್ಪಮ್ಮನ ಮನೆಗೆ ವಾಪಸ್ ನಡೆದ. ಒಳಗಿನಿಂದ ಮೊರದ ಸದ್ದು ಕೇಳುತ್ತಿತ್ತು. ಕದ ತಟ್ಟಿ, "ತಿಪ್ಪಮ್ಮಾ, ಅಕ್ಕ ತೀರ್ಕಂಡ್ಲು. ಮಣ್ಣಿಗಾದ್ರೂ ಬಾರಮ್ಮ," ಅಂದ.

ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ.